ಬದುಕಿದ್ದವಳ ಆರು ತಿಂಗಳ ಪತ್ರ

ಫೆಬ್ರವರಿ 18, ಮಂಗಳವಾರ, ಮಧ್ಯಾಹ್ನ 3 ಗಂಟೆ 10 ನಿಮಿಷ. ಲಿಪೊವೆತ್ಸ್ ಪೊಲೀಸ್ ಠಾಣೆಯ ಕೌಂಟರಿನ ಮುಂದೆ ಮೂವತ್ತನಾಲ್ಕರ ಹೆಂಗಸೊಬ್ಬಳು ಬಂದು ನಿಂತು, ನಾಲ್ಕಾಗಿ ಮಡಿಸಿದ್ದ ಕಾಗದವನ್ನು ಬಿಡಿಸಿ ಇಟ್ಟಳು. ಸುತ್ತ ಕಪ್ಪು ಅಂಚು, ಮೇಲೆ ಶಿಲುಬೆ, ನಡುವೆ ಫೋಟೊ. ಶ್ರದ್ಧಾಂಜಲಿ ಪತ್ರ. ನಮ್ಮ ಬಲ್ಗೇರಿಯಾದಲ್ಲಿ ಯಾರು ತೀರಿಕೊಂಡರೂ ಮನೆ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ದೀಪದ ಕಂಬಕ್ಕೆ ಇದನ್ನು ಅಂಟಿಸುತ್ತಾರೆ. ಸತ್ತ ದಿನಕ್ಕೊಂದು, ನಲವತ್ತನೇ ದಿನಕ್ಕೊಂದು, ಆಮೇಲೆ ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ. ಮಳೆ ಬಿಸಿಲಿಗೆ ತಾನಾಗಿ ಉದುರಿ ಹೋಗಬೇಕೇ ಹೊರತು ಯಾರೂ ಕೈಯಾರೆ ಕೀಳುವುದಿಲ್ಲ.

ಡ್ಯೂಟಿಯಲ್ಲಿದ್ದ ಕಾನ್‌ಸ್ಟೆಬಲ್ ರಾಯ್ಚೊ ಇಂಥವನ್ನು ದಿನಕ್ಕೆ ಹತ್ತು ನೋಡುವವನು. ಇದನ್ನೂ ಹಾಗೇ ನೋಡಿದ. ಆಮೇಲೆ ಫೋಟೊ ನೋಡಿದ, ಎದುರಿಗಿದ್ದವಳ ಮುಖ ನೋಡಿದ.

"ನಿಮ್ಮ ಅಕ್ಕಾನಾ?"

"ನಾನೇ."

"ಓಹೋ! ಸತ್ತೋರು ಬಂದು ಕಂಪ್ಲೇಂಟ್ ಕೊಡೋದು ನನ್ನ ಸರ್ವಿಸಲ್ಲಿ ಇದೇ ಫಸ್ಟು."

ಅವಳು ನಗಲಿಲ್ಲ. "ನಾನು ಬರ್ತಿರೋದು ಮೂರನೇ ಸಲ. ಹಿಂದೆ ಬಂದಾಗ್ಲೂ ಇಲ್ಲಿ ಹೀಗೇ ನಕ್ಕಿದ್ರು," ಎಂದಳು.

ಒಳಗಿನ ಕೋಣೆಯಲ್ಲಿ ಕುಳಿತಿದ್ದ ಇನ್ಸ್‌ಪೆಕ್ಟರ್ ಲೂಬೆನ್ ಕಾಲ್ಚೆವ್‌ಗೆ ಆ ದನಿ ಕೇಳಿಸಿತು. ಕೇಳಿಸಿದ ಕೂಡಲೇ ಗುರುತೂ ಸಿಕ್ಕಿತು. ನವೆಂಬರಿನಲ್ಲಿ ಇವಳು ಎರಡನೇ ಪತ್ರ ಹಿಡಿದು ಬಂದಾಗ, "ಯಾರೋ ತಲೆಹರಟೆ ಮಾಡಿರ್ತಾರೆ, ಹರಿದು ಬಿಸಾಕಮ್ಮ" ಎಂದು ಕಳಿಸಿದವರು ಅವರೇ. ಅವಳು ಹೇಳಿದಂತೆ ಹರಿದು ಬಿಸಾಡಿದ್ದಳು. ಸಾಕ್ಷ್ಯವನ್ನು ಹೀಗೆ ಇನ್ಸ್‌ಪೆಕ್ಟರೇ ನಿಂತು ನಾಶ ಮಾಡಿಸಿದ್ದು ನಮ್ಮ ಠಾಣೆಯ ಹೆಚ್ಚುಗಾರಿಕೆ. ಕಾಲ್ಚೆವ್ ಎದ್ದು ಹೊರಗೆ ಬಂದು ಕುರ್ಚಿ ಎಳೆದುಕೊಟ್ಟರು.

ಹೆಸರು ನೆವೆನಾ ರುಸ್ಕೊವಾ, ಹೊಲಿಗೆ ಕಾರ್ಖಾನೆಯ ಕೆಲಸಗಾರ್ತಿ. ಕಳೆದ ಆಗಸ್ಟ್ 18ರಂದು ಒಂಬತ್ತು ವರ್ಷದ ಮಗಳು ಮಿಲಾಳನ್ನು ಕರೆದುಕೊಂಡು ಗಂಡ ಪ್ಲಾಮೆನ್‌ನ ಮನೆ ಬಿಟ್ಟು, ಬೇರೆ ಕೋಣೆ ಹಿಡಿದಿದ್ದಾಳೆ. ಹಾಗೆ ಬಿಟ್ಟ ನಲವತ್ತನೇ ದಿನಕ್ಕೆ ಮೊದಲ ಪತ್ರ ಬಂತು. ಮೂರು ತಿಂಗಳಿಗೆ ಎರಡನೆಯದು. ಇವತ್ತಿಗೆ ಸರಿಯಾಗಿ ಆರು ತಿಂಗಳು. ಪತ್ರದಲ್ಲಿ ಹೀಗಿತ್ತು: "ಆರು ತಿಂಗಳು. ನಮ್ಮನ್ನು ಅಗಲಿದ ನೆವೆನಾ. ಒಳ್ಳೆಯ ಮಗಳು, ಒಳ್ಳೆಯ ಹೆಂಡತಿ, ಒಳ್ಳೆಯ ತಾಯಿ ಆಗಿದ್ದವಳು. ದುಃಖತಪ್ತ ಕುಟುಂಬ." ಅವಳ ಕೋಣೆಯ ಬಾಗಿಲಿಗೆ, ಕಾರ್ಖಾನೆಯ ಗೇಟಿಗೆ, ಬಸ್ ನಿಲ್ದಾಣಕ್ಕೆ ಅಂಟಿಸಿದ್ದರು.

"ಮಾರ್ಚ್ ಐದಕ್ಕೆ ಕೋರ್ಟಲ್ಲಿ ಮಗಳು ಯಾರ ಹತ್ರ ಇರ್ಬೇಕು ಅನ್ನೋ ವಿಚಾರಣೆ ಇದೆ," ಎಂದಳು ನೆವೆನಾ. "ಇವನ್ನೆಲ್ಲ ನಾನೇ ಅಂಟಿಸ್ಕೋತಿದೀನಂತೆ. ನಂಗೆ ತಲೆ ಕೆಟ್ಟಿದೆಯಂತೆ. ಅದಕ್ಕೆ ಮಗೂನ ಅವರಿಗೇ ಕೊಡ್ಬೇಕಂತೆ. ನನ್ನ ಗಂಡನ ಲಾಯರು ಹಾಗಂತ ಬರೆದು ಕೊಟ್ಟಿದಾರೆ. ಯಾರು ಮಾಡಿದ್ದು ಅಂತ ಅಷ್ಟರೊಳಗೆ ಗೊತ್ತಾಗ್ದೇ ಇದ್ರೆ ಮಿಲಾ ಹೋದ್ಲು."

"ಗಂಡ ಹೊಡೀತಿದ್ರಾ?"

"ಇಲ್ಲ. ಹನ್ನೊಂದು ವರ್ಷದಲ್ಲಿ ಒಂದು ಏಟೂ ಇಲ್ಲ. ನಿಮ್ಮ ಫಾರಮ್ಮಲ್ಲಿ ಗಾಯ ಎಲ್ಲಿ ಅಂತ ಕೇಳಿದೆ. ನಾನೇನು ಬರೀಲಿ?"

ಹೇಳಿಕೆ ಬರೆದುಕೊಂಡದ್ದು ಮಹಿಳಾ ಸಾರ್ಜೆಂಟ್ ಇಸ್ಕ್ರಾ. ಪ್ಲಾಮೆನ್ ಡ್ರೈವಿಂಗ್ ಮೇಷ್ಟ್ರು. ಊರಿನ ಅರ್ಧ ಹೆಂಗಸರಿಗೆ ಕಾರು ಕಲಿಸಿದವನು, ಹೆಂಡತಿಗೆ ಮಾತ್ರ "ನಿನ್ನ ತಲೆ ಗುಂಡಿ ಹೊಲಿಯೋಕೆ ಸಾಕು" ಎಂದು ಸ್ಟೀರಿಂಗ್ ಮುಟ್ಟಗೊಡಲಿಲ್ಲ. ಸೂಪಿನಲ್ಲಿ ಒಂದು ಚಮಚ ರುಚಿ ನೋಡಿ, ಮಾತಿಲ್ಲದೆ ಪಾತ್ರೆಯನ್ನೇ ಸಿಂಕಿಗೆ ಸುರಿದು, ಕೈಕಟ್ಟಿ ಕೂರುತ್ತಿದ್ದ. ಅವಳು ಮತ್ತೆ ಮಾಡಬೇಕು. ನೆಂಟರೆದುರು ಅವಳು ಬಾಯಿ ತೆಗೆದರೆ ಗಡಿಯಾರ ನೋಡುತ್ತಿದ್ದ. ಕೊನೆಕೊನೆಗೆ ಅಂಗಡಿಯಲ್ಲಿ ಬ್ರೆಡ್ ಕೇಳುವುದಕ್ಕೂ ಅವಳು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡು ಆಮೇಲೆ ಬಾಯಿ ಬಿಡುತ್ತಿದ್ದಳು.

"ಈ ಪತ್ರ ಶುರುವಾದ್ಮೇಲೆ ಕಾರ್ಖಾನೇಲಿ ನನ್ನ ಪಕ್ಕ ಯಾರೂ ಕೂರಲ್ಲ, ಅಪಶಕುನ ಅಂತ," ಎಂದಳು ನೆವೆನಾ. "ಸ್ಕೂಲಲ್ಲಿ ಮಕ್ಕಳು ಮಿಲಾಗೆ ನಿಮ್ಮಮ್ಮ ಸತ್ತೋದ್ಲು ಅಂತಾರೆ. ಬೆಳಿಗ್ಗೆ ಎದ್ದ ತಕ್ಷಣ ಅವಳು ನನ್ನ ಕೆನ್ನೆ ಮುಟ್ಟಿ ನೋಡ್ತಾಳೆ, ಬೆಚ್ಚಗಿದೆಯಾ ಅಂತ."

ಇಸ್ಕ್ರಾಳ ಪೆನ್ನು ಅಲ್ಲಿಗೆ ನಿಂತಿತು. ಅವಳಿಗೂ ಮಗಳಿದ್ದಾಳೆ.

ಠಾಣಾಧಿಕಾರಿಗಳು ಎಂದಿನಂತೆ, "ಗಂಡ ಹೆಂಡ್ತಿ ಜಗಳಕ್ಕೆಲ್ಲ ಎಫ್‌ಐಆರ್ ಹಾಕ್ತಾ ಕೂತ್ರೆ ಕಳ್ಳರನ್ನ ಹಿಡಿಯೋರು ಯಾರ್ರೀ?" ಎಂದರು. ಕಾಲ್ಚೆವ್ ಫಾರಂ ಎಳೆದುಕೊಂಡರು. ಸಂಜೆ 4.25ಕ್ಕೆ ಎಫ್‌ಐಆರ್ ದಾಖಲಾಯಿತು. ಆಪಾದನೆ: ಪದೇಪದೇ ಬೆದರಿಸಿ ಮಾನಸಿಕ ಹಿಂಸೆ ನೀಡಿದ್ದು.

ಫೆಬ್ರವರಿ 19, ಬೆಳಿಗ್ಗೆ 9.30. ಶವಸಂಸ್ಕಾರದ ಸಾಮಾನು ಮಾರುವ ಅಂಗಡಿಯ ಮಿಂಚೊ ಪತ್ರವನ್ನು ಬೆಳಕಿಗೆ ಹಿಡಿದ.

"ಅಂಚು ನಮ್ದೇ ಸಾರ್. ಆದ್ರೆ ಎಂಟು ವರ್ಷದ ಹಿಂದಿಂದು, ಈಗ ಈ ಡಿಸೈನ್ ಮಾಡಲ್ಲ. ಇದು ಪ್ರಿಂಟಲ್ಲ, ಜೆರಾಕ್ಸ್. ನೋಡಿ, ಹೆಸರಿನ ಸುತ್ತ ಸಣ್ಣ ಗೆರೆ. ಯಾರದ್ದೋ ಹಳೇ ಪತ್ರದ ಮೇಲೆ ಇವಳ ಹೆಸರು, ಫೋಟೊ ಅಂಟಿಸಿ ತೆಗ್ದಿದಾರೆ."

"ಅಂಟು?"

ಮಿಂಚೊ ಹಿಂಬದಿಯನ್ನು ಉಗುರಿನಿಂದ ಕೆರೆದ. "ಹಿಟ್ಟಿನ ಗಂಜಿ. ಈಗೆಲ್ಲ ಟೇಪು ಸಾರ್. ಗಂಜಿ ಕಾಸೋಷ್ಟು ಪುರುಸೊತ್ತು ಯಾರಿಗಿದೆ?"

ಅದೇ ದಿನ ಸಂಜೆ ನಾಲ್ಕಕ್ಕೆ ಪ್ಲಾಮೆನ್ ಠಾಣೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಹಸನ್ಮುಖ. ಬಂದವನೇ ಇಸ್ಕ್ರಾಳಿಗೆ, "ಏನು ಮೇಡಂ, ಆ ಕಾರನ್ನ ಇನ್ನೂ ಗೋಡೆಗೆ ಉಜ್ಜಿಲ್ಲ ತಾನೆ?" ಎಂದ. ಅವಳಿಗೂ ಅವನೇ ಕಲಿಸಿದ್ದು.

"ನಿನ್ನೆ ಬೆಳಿಗ್ಗೆ ಎಲ್ಲಿದ್ರಿ?" ಕಾಲ್ಚೆವ್ ಕೇಳಿದರು.

"ಮೂರು ಜನ ಶಿಷ್ಯಂದ್ರನ್ನ ಕರ್ಕೊಂಡು ಜಿಲ್ಲಾ ಕೇಂದ್ರಕ್ಕೆ ಹೋಗಿದ್ದೆ. ಟೆಸ್ಟಿತ್ತು. ಐದೂವರೆಗೇ ಹೊರಟ್ವಿ. ಕೇಳಿ ನೋಡಿ."

"ಹೆಂಡತಿ ಮೇಲೆ ದ್ವೇಷ ಇದೆಯಾ?"

"ದ್ವೇಷ ಎಲ್ಲಿಂದ ಸಾರ್? ಪಾಪ ಅನ್ಸುತ್ತೆ. ಅವಳಿಗೆ ಎಲ್ಲರೂ ತನ್ನ ಕಡೆ ನೋಡ್ಬೇಕು ಅಂತ. ಹೆಂಗಸರ ವಿಷ್ಯ ನಿಮಗೆ ಗೊತ್ತಿಲ್ಲದ್ದೇನಿದೆ. ಮನೆ ಹುಡುಕ್ಬೇಕಾ? ಬೀಗ ತೆಗೆದೇ ಇದೆ, ಬನ್ನಿ."

ಹುಡುಕಿದರು. ಏನೂ ಸಿಗಲಿಲ್ಲ. ಶಿಷ್ಯಂದಿರು ಮೂವರೂ ಅವನ ಮಾತನ್ನು ಖಾತ್ರಿಪಡಿಸಿದರು.

ಫೆಬ್ರವರಿ 20. ಬಸ್ ನಿಲ್ದಾಣದ ಎದುರಿನ ಬೇಕರಿಯ ಕ್ಯಾಮೆರಾದಲ್ಲಿ 18ರ ಬೆಳಗಿನ 6.10ರ ದೃಶ್ಯ ಸಿಕ್ಕಿತು. ಇನ್ನೂ ನಸುಕು. ಕಡುಗೆಂಪು ಕೋಟು ತೊಟ್ಟು, ತುಪ್ಪಳದ ಟೋಪಿಯನ್ನು ಮುಖದ ಮೇಲಕ್ಕೆ ಎಳೆದುಕೊಂಡ ಹೆಂಗಸೊಬ್ಬಳು ಕಂಬಕ್ಕೆ ಬ್ರಷ್ಷಿನಿಂದ ಗಂಜಿ ಬಳಿದು ಪತ್ರ ಅಂಟಿಸುತ್ತಾಳೆ. ಆಮೇಲೆ ಹೋಗುವುದಿಲ್ಲ, ಅಲ್ಲೇ ನಿಲ್ಲುತ್ತಾಳೆ. ಫೋಟೊದ ಮೇಲಿನ ಸುಕ್ಕನ್ನು ಅಂಗೈಯಿಂದ ನಿಧಾನವಾಗಿ ಸವರುತ್ತಾಳೆ. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಹೊರಡುತ್ತಾಳೆ.

ಪ್ಲಾಮೆನ್‌ನನ್ನು ಕರೆಸಿ ತೋರಿಸಿದರು. ಅವನು ಒಂದೇ ನೋಟಕ್ಕೆ, "ಕೋಟು ನನ್ನ ಹೆಂಡ್ತೀದು. ನಾನೇ ಕೊಡಿಸಿದ್ದು. ನಾನು ಮುಂಚೇನೇ ಹೇಳ್ಲಿಲ್ವಾ?" ಎಂದ. ಕಾಲ್ಚೆವ್ ದೃಶ್ಯವನ್ನು ತಾವೇ ಇನ್ನೊಮ್ಮೆ ಹಾಕಿ ನೋಡಿದರು. ನವೆಂಬರಿನಲ್ಲಿ ನಂಬದೆ ಕಳಿಸಿದ್ದೆ, ಈ ಸಲ ನಂಬಿ ಕೆಟ್ಟೆನೇ?

ಮಧ್ಯಾಹ್ನ 3.30ಕ್ಕೆ ನೆವೆನಾ ಬಂದಳು. ದೃಶ್ಯವನ್ನು ಒಂದು ಸಲ ನೋಡಿದಳು. ಮತ್ತೆ ಹಾಕಿ ಎಂದಳು. ಮೂರನೇ ಸಲ, ಆ ಕೈ ಫೋಟೊವನ್ನು ಸವರುವ ಹೊತ್ತಿಗೆ, ಅವಳ ಮುಖದ ಬಣ್ಣವೇ ಇಳಿದುಹೋಯಿತು.

"ಅದು ನಾನೇ," ಎಂದಳು.

"ಏನಂದ್ರಿ?"

"ನಾನೇ ಅಂಟಿಸಿದ್ದು. ಮೂರು ಸಲಾನೂ. ಕೇಸ್ ಮುಚ್ಚಿಬಿಡಿ ಸಾರ್."

"ಸಹಿ ಹಾಕ್ತೀರಾ?"

"ಹಾಕ್ತೀನಿ."

"ನೆವೆನಾ, ಇದು ಕೋರ್ಟಿಗೆ ಹೋಗುತ್ತೆ. ಮಿಲಾ ಅವರಪ್ಪನ ಪಾಲಾಗ್ತಾಳೆ. ತಿಳ್ಕೊಂಡು ಹೇಳ್ತಿದೀರಾ?"

ಅವಳು ಪೆನ್ನು ಎತ್ತಿಕೊಂಡಳು. ಸಹಿ ಹಾಕಿ, ಯಾರ ಮುಖವನ್ನೂ ನೋಡದೆ ಎದ್ದು ಹೋದಳು.

ಕಾಲ್ಚೆವ್ ಆ ಕಾಗದವನ್ನು ಕಡತಕ್ಕೆ ಸೇರಿಸಲಿಲ್ಲ. ಇಸ್ಕ್ರಾಳನ್ನು ಕಾರ್ಖಾನೆಗೆ ಅಟ್ಟಿದರು. ಹಾಜರಿ ಕಾರ್ಡಿನಲ್ಲಿ 18ರಂದು ನೆವೆನಾ ಒಳಗೆ ಬಂದ ಸಮಯ 5.52. ಆರಕ್ಕೆ ಅವಳು ಮಷಿನ್ನಿನ ಮುಂದೆ ಕೂತಿದ್ದನ್ನು ಕಂಡವರು ಹದಿನಾಲ್ಕು ಮಂದಿ. 6.10ಕ್ಕೆ ಬಸ್ ನಿಲ್ದಾಣದಲ್ಲಿದ್ದವಳು ಬೇರೆ ಯಾರೋ.

"ಹಾಗಾದ್ರೆ ಯಾರನ್ನೋ ಉಳಿಸ್ತಿದಾಳೆ," ಎಂದರು ಕಾಲ್ಚೆವ್.

"ಮಗಳನ್ನೇ ಬಿಟ್ಟುಕೊಟ್ಟು ಉಳಿಸೋಂಥವರು ಯಾರಿದಾರೆ ಸಾರ್?" ಎಂದಳು ಇಸ್ಕ್ರಾ.

ಉತ್ತರ ಸಿಕ್ಕಿದ್ದು ಮರುದಿನ, ರಾಯ್ಚೊನ ಬಾಯಿಂದ, ಅದೂ ಅವನಿಗೇ ಗೊತ್ತಿಲ್ಲದ ಹಾಗೆ. ಸೌದೆ ಕಳ್ಳತನದ ದೂರಿನ ಮೇಲೆ ಅವನು ಯಾಸೆನ್‌ದೋಲ್ ಹಳ್ಳಿಗೆ ಹೋಗಿ ಬಂದಿದ್ದ. ಬೂಟಿನ ಕೆಸರು ಕೆರೆಯುತ್ತಾ, "ಸಾರ್, ನಮ್ಮ ಸತ್ತ ಮೇಡಂ ತೌರೂರು ಅದೇ ಅಂತೆ. ಅವರ ಮನೆ ಗೇಟಿಗೂ ಅಂಟಿಸಿದಾರೆ," ಎಂದ.

"ಯಾವುದು, ಆರು ತಿಂಗಳದ್ದಾ?"

"ಮೂರೂ ಇವೆ ಸಾರ್. ಒಂದರ ಕೆಳಗೊಂದು."

ಕಾಲ್ಚೆವ್ ಕಾಫಿ ಲೋಟ ಕೆಳಗಿಟ್ಟರು. ಮದುವೆಯಾಗಿ ಹೋದವಳ ಪತ್ರವನ್ನು ಅವಳು ಹುಟ್ಟಿದ ಮನೆಯ ಗೇಟಿಗೆ ಅಂಟಿಸುವವರು ಹೆತ್ತವರು ಮಾತ್ರ. ಗಂಡನ ಕಡೆಯವರಿಗೆ ಅದು ತಲೆಗೇ ಹೊಳೆಯುವುದಿಲ್ಲ. ಅದೂ ಹೋಗಲಿ. ಬದುಕಿರುವ ಮಗಳ ಸಾವಿನ ಪತ್ರ ಸೆಪ್ಟೆಂಬರಿನಿಂದ ಗೇಟಿನ ಮೇಲಿದೆ, ದಿನಾ ಅದನ್ನೇ ತೆರೆದು ಓಡಾಡುತ್ತಾರೆ, ಒಬ್ಬರೂ ಠಾಣೆಗೆ ಓಡಿಬಂದಿಲ್ಲ.

ಅದೇ ಸಂಜೆ ಯಾಸೆನ್‌ದೋಲ್ ಬಸ್ಸಿನ ಚಾಲಕ ಹೇಳಿಕೆ ಕೊಟ್ಟ: "ಮಂಗಳವಾರ ಬೆಳಿಗ್ಗೆ ಐದು ಗಂಟೆ ಬಸ್ಸಿಗೆ ನೆವೆನಾ ಅವರಮ್ಮ ಗೀನಾ ಅಜ್ಜಿ ಬಂದಿದ್ರು. ಕೆಂಪು ಕೋಟು, ಕೈಯಲ್ಲಿ ಮುಚ್ಚಿದ ಡಬ್ಬ. ಏನಜ್ಜಿ, ಮಗಳಿಗೆ ಸೂಪಾ ಅಂತ ಕೇಳ್ದೆ. ಹೂಂ ಅಂದ್ರು."

ಫೆಬ್ರವರಿ 22, ಶನಿವಾರ, ಬೆಳಿಗ್ಗೆ 11 ಗಂಟೆ. ನ್ಯಾಯಾಲಯದ ಅನುಮತಿ ಪತ್ರದೊಂದಿಗೆ, ಅಕ್ಕಪಕ್ಕದ ಇಬ್ಬರನ್ನು ಪಂಚರಾಗಿ ಕರೆದುಕೊಂಡು, ಕಾಲ್ಚೆವ್, ಇಸ್ಕ್ರಾ ಮತ್ತು ರಾಯ್ಚೊ ಆ ಗೇಟು ದಾಟಿದರು. ನೆವೆನಾಳ ತಂದೆ ಅಸೆನ್ ಒಲೆಯ ಪಕ್ಕ ಕುಳಿತಿದ್ದ. ಎಪ್ಪತ್ತರ ಗಟ್ಟಿ ಆಳು. ಪೊಲೀಸರನ್ನು ಕಂಡು ಏಳಲಿಲ್ಲ. ಒಳಕೋಣೆಯ ಕಡೆ ತಿರುಗಿ, "ಏಯ್, ಯಾರೋ ಬಂದಿದಾರೆ," ಎಂದ.

"ನಿಮ್ಮ ಗೇಟಿನ ಮೇಲೆ ಇರೋದನ್ನ ನೋಡಿದೀರಾ?" ಕಾಲ್ಚೆವ್ ಕೇಳಿದರು.

"ನೋಡಿದೀನಿ."

"ಮಗಳು ಬದುಕಿದಾಳೆ ಅಂತ ಗೊತ್ತಲ್ವಾ?"

"ಹೆಂಗಸರ ವಿಷ್ಯ. ನಂಗೆ ಸಂಬಂಧ ಇಲ್ಲ."

"ಕಿತ್ತು ಹಾಕ್ಬೇಕು ಅನ್ನಿಸ್ಲಿಲ್ವಾ?"

"ಸತ್ತೋರ ಪತ್ರ ಕೀಳಬಾರ್ದು," ಎಂದ ಅಸೆನ್, ಮತ್ತು ಒಲೆಗೆ ಒಂದು ಕೊರಡು ತುರುಕಿದ.

ಪಂಚರಲ್ಲೊಬ್ಬಾಕೆ ಕಣ್ಣೊರೆಸಿಕೊಂಡಳು.

ಬಾಗಿಲಲ್ಲಿ ಬಂದು ನಿಂತ ಗೀನಾಗೆ ಅರವತ್ತೆರಡು ವರ್ಷ, ಎಪ್ಪತ್ತೆರಡರಂತೆ ಕಾಣುತ್ತಿದ್ದಳು. ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಏನು ಹುಡುಕುತ್ತಿದ್ದೀರಿ ಎಂದು ಅವಳು ಕೇಳಲಿಲ್ಲ. ತಾನೇ ಹೋಗಿ ಅಡುಗೆಮನೆಯ ಕಪಾಟು ತೆರೆದು ನಿಂತಳು. ಪಂಚನಾಮೆಯಲ್ಲಿ ಬರೆದುಕೊಂಡದ್ದು ಇಷ್ಟು: ಗಂಜಿ ಒಣಗಿ ಹಿಡಿದಿದ್ದ ಒಂದು ಡಬ್ಬ ಮತ್ತು ಬ್ರಷ್ಷು. ಎಂಟು ವರ್ಷದ ಹಿಂದೆ ತೀರಿಕೊಂಡ ಅವಳ ಅತ್ತೆಯ ಶ್ರದ್ಧಾಂಜಲಿ ಪತ್ರ, ಹೆಸರು ಮತ್ತು ಫೋಟೊ ಇದ್ದ ಜಾಗವನ್ನು ಚೌಕಾಕಾರವಾಗಿ ಕತ್ತರಿಸಿ, ಅಲ್ಲಿ ಮಗಳದನ್ನು ಅಂಟಿಸಿದ್ದು. ಮಗಳು ತೌರಿನಲ್ಲಿ ಬಿಟ್ಟುಹೋಗಿದ್ದ ಹಳೆಯ ಕಡುಗೆಂಪು ಕೋಟು. ಜೆರಾಕ್ಸ್ ಮಾಡಿಸಿದ್ದು ಊರಿನ ವಾಚನಾಲಯದಲ್ಲಿ. ಮಷಿನ್ನಿಗೆ ಹಾಳೆ ಹಾಕುವವರು ಏನಿದೆ ಎಂದು ನೋಡಿರಲಿಲ್ಲ.

ಮಧ್ಯಾಹ್ನ 12.40ಕ್ಕೆ ಬಂಧನ. ಹೊರಡುವಾಗ ಅವಳು ಗಂಡನ ಕಡೆ ತಿರುಗಿ, "ಬೀನ್ಸ್ ನೆನೆ ಹಾಕಿದೀನಿ," ಎಂದಳು. ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ.

ಠಾಣೆಯಲ್ಲಿ ಇಸ್ಕ್ರಾ ಅವಳಿಗೆ ಸೂಪು, ಬ್ರೆಡ್ ತಂದುಕೊಟ್ಟಳು. ಗೀನಾ ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತೇ ತಿನ್ನತೊಡಗಿದಳು. ಕೂತ್ಕೊಳಮ್ಮ ಎಂದಳು ಇಸ್ಕ್ರಾ. "ಮನೇಲಿ ಅವರಿಗೆ ಬಡಿಸ್ತಾ ಹೀಗೇ ನಿಂತು ತಿಂದು ಅಭ್ಯಾಸ," ಎಂದು ಗೀನಾ ನಾಚಿದಳು. ಕೊನೆಗೂ ಕೂತಾಗ ಕುರ್ಚಿಯ ಅಂಚಿನಲ್ಲಿ ಕೂತಳು. ಇವಳನ್ನು ಆರೋಪಿ ಎಂದು ಕರೆಯಲು ಆ ಹೊತ್ತು ಠಾಣೆಯಲ್ಲಿ ಯಾರಿಗೂ ನಾಲಿಗೆ ಏಳಲಿಲ್ಲ.

ವಿಚಾರಣೆ, ಮಧ್ಯಾಹ್ನ 2.15.

"ಯಾಕಮ್ಮ ಹೀಗೆ ಮಾಡಿದ್ರಿ?"

"ಅವಳು ವಾಪಸ್ ಗಂಡನ ಮನೆಗೆ ಹೋಗ್ಲಿ ಅಂತ."

"ಹೆದರಿಸಿದ್ರೆ ಹೋಗ್ತಾಳಾ?"

"ನಾನು ಹೆದರಿಕೊಂಡು ತಾನೆ ಇದ್ದದ್ದು."

"ಪ್ಲಾಮೆನ್ ಹೇಳ್ಕೊಟ್ರಾ?"

"ಇಲ್ಲಪ್ಪ. ಅಳಿಯಂದ್ರು ಭಾನುವಾರ ಬರೋರು. ಇವರ ಜೊತೆ ರಕಿಯಾ ಕುಡಿದು, 'ಅತ್ತೆ, ನಿಮ್ಮ ಮಗಳು ನಮ್ಮ ಪಾಲಿಗೆ ಸತ್ತಳು' ಅನ್ನೋರು. ಇವರು 'ನೀನೇ ಹೆತ್ತಿದ್ದು, ನೀನೇ ಬೆಳೆಸಿದ್ದು' ಅನ್ನೋರು. ಅಷ್ಟೇ. ಪತ್ರ ನನ್ನ ತಲೆಗೇ ಬಂದಿದ್ದು."

"ಗಂಡ ನಿಮ್ಮನ್ನ ಹೊಡೀತಾರಾ?"

"ಛೇ ಛೇ, ಒಂದಿನ ಕೈ ಎತ್ತಿಲ್ಲ. ಅಂಥೋರಲ್ಲ." ಮೇಜಿನ ಮೇಲೆ ಬಿದ್ದಿದ್ದ ಬ್ರೆಡ್ಡಿನ ಚೂರನ್ನು ಬೆರಳಿನಿಂದ ಒತ್ತಿ ತೆಗೆದಳು. "ಮಾತಾಡ್ಸಲ್ಲ. ಆಗಸ್ಟಿಂದ ನಾನು ಬಡಿಸಿದ ತಟ್ಟೇನ ಕವುಚಿ ಹಾಕ್ತಾರೆ. ಮುಂಚೇನೂ ಹಾಕೋರು, ಉಪ್ಪು ಜಾಸ್ತಿ ಆದ್ರೆ, ಮಾತು ಜಾಸ್ತಿ ಆದ್ರೆ. ನಮ್ಮತ್ತೆ ಪಕ್ಕದಲ್ಲೇ ಕೂತು, ಹೆಂಗಸಂದ್ರೆ ನುಂಗ್ಕೊಂಡು ಇರ್ಬೇಕು ಅನ್ನೋರು. ನುಂಗ್ಕೊಂಡೆ. ನಮ್ಮಮ್ಮನೂ ನುಂಗ್ಕೊಂಡ್ಲು. ಇವಳೊಬ್ಬಳಿಗೆ ಆಗ್ಲಿಲ್ಲ."

"ಅವಳು ನಿಮ್ಮನ್ನ ಉಳಿಸೋಕೆ ತಪ್ಪು ತನ್ನ ಮೇಲೆ ಹಾಕ್ಕೊಂಡ್ಲು. ಮಗಳನ್ನ ಕಳ್ಕೊಂಡ್ರೂ ಪರವಾಗಿಲ್ಲ ಅಂತ ಸಹಿ ಹಾಕಿದ್ಲು. ಗೊತ್ತಾ?"

ಗೀನಾಗೆ ಗೊತ್ತಿರಲಿಲ್ಲ. ಮೇಜಿನ ಮೇಲೆ ಕೈಯೂರಿ ಕೇಳಿದಳು:

"ಸ್ವಾಮಿ, ಅವಳು ಬಿಟ್ಟು ಹೋಗಿದ್ದು ಸರಿ ಅಂತಾದ್ರೆ, ಈ ನಲವತ್ತೊಂದು ವರ್ಷ ನಾನು ಏನು ಮಾಡ್ದೆ?"

ಕಾಲ್ಚೆವ್ ಮೂವತ್ತು ವರ್ಷದ ಸರ್ವಿಸಿನಲ್ಲಿ ಸಾವಿರ ಪ್ರಶ್ನೆ ಕೇಳಿದ್ದವರು. ಈ ಒಂದನ್ನು ಹೇಳಿಕೆಯಲ್ಲಿ ಅವಳ ಮಾತಿನಲ್ಲೇ ಬರೆದುಕೊಂಡರು. ಮರುದಿನ ಗೀನಾ ಜಾಮೀನಿನ ಮೇಲೆ ಹೊರಬಂದಳು. ಆಪಾದನಾ ಪತ್ರದಲ್ಲಿ 'ಉದ್ದೇಶ' ಎಂಬ ಕಡೆ ಒಂದೂವರೆ ಸಾಲಿನ ಜಾಗವಿರುತ್ತದೆ. ಅಲ್ಲಿ ಕಾಲ್ಚೆವ್ ಬರೆದದ್ದು: "ತಾನು ಸಹಿಸಿದ್ದನ್ನು ಮಗಳೂ ಸಹಿಸಬೇಕೆಂಬ ನಂಬಿಕೆ. ಈ ನಂಬಿಕೆ ಕಲಿಸಿದವರ ಮೇಲೆ ಪ್ರಕರಣ ದಾಖಲಿಸಲು ಅವಕಾಶವಿಲ್ಲ." ಎರಡನೇ ವಾಕ್ಯವನ್ನು ಠಾಣಾಧಿಕಾರಿಗಳು ಹೊಡೆದುಹಾಕಿದರು.

ಮಾರ್ಚ್ 5, ಗುರುವಾರ. ಪೊಲೀಸ್ ವರದಿ ಓದಿದ ನ್ಯಾಯಾಧೀಶರು ಮಿಲಾ ತಾಯಿಯ ಬಳಿಯೇ ಇರಲಿ ಎಂದು ತೀರ್ಪಿತ್ತರು. ಪ್ಲಾಮೆನ್ ಮೇಲೆ ಯಾವ ಕೇಸೂ ಇಲ್ಲ. ಅವನು ಹೊರಗೆ ಬರುವಾಗ ಇಸ್ಕ್ರಾಳಿಗಾಗಿ ಬಾಗಿಲು ಹಿಡಿದು ನಿಂತ, ಅದೇ ಹಸನ್ಮುಖ. ಅವಳು ಬೇರೆ ಬಾಗಿಲಿನಿಂದ ಹೋದಳು.

ಸಾಕ್ಷಿ ಹೇಳಲು ಬಂದಿದ್ದ ಗೀನಾ ಮೆಟ್ಟಿಲ ಕೆಳಗೆ ಒಬ್ಬಳೇ ನಿಂತಿದ್ದಳು. ಮಗಳ ಕೈ ಹಿಡಿದುಕೊಂಡು ಇಳಿದುಬಂದ ನೆವೆನಾ ಅವಳ ಮುಂದೆ ನಿಂತಳು. ತಾಯಿ ಮಗಳು ಮಾತಾಡಿ ಆರೂವರೆ ತಿಂಗಳಾಗಿತ್ತು. ಕಾಲ್ಚೆವ್ ಹತ್ತು ಹೆಜ್ಜೆ ದೂರದಲ್ಲಿ ನಿಂತರು.

"ಅಮ್ಮ," ಎಂದಳು ನೆವೆನಾ. ಸಿಟ್ಟಿತ್ತು, ಅಳುವಿತ್ತು, ಎರಡನ್ನೂ ಹಲ್ಲು ಕಚ್ಚಿ ಹಿಡಿದಿದ್ದಳು. "ನಮ್ಮ ರೂಮಲ್ಲಿ ಇನ್ನೊಂದು ಮಂಚ ಹಿಡಿಯುತ್ತೆ. ಬಾ. ಇವತ್ತೇ ಬಾ."

ಗೀನಾ ಮೊಮ್ಮಗಳ ಟೋಪಿ ಸರಿಪಡಿಸಲು ಕೈ ಚಾಚಿದಳು, ಮಿಲಾ ಅಮ್ಮನ ಹಿಂದೆ ಸರಿದಳು. ಚಾಚಿದ ಕೈಯನ್ನು ಗೀನಾ ಕೋಟಿನ ಜೇಬಿಗೆ ಇಳಿಸಿಕೊಂಡಳು.

"ಎರಡೂವರೆ ಬಸ್ ಹೋದ್ರೆ ಮತ್ತೆ ಸಂಜೇಗೇ ಕಣೇ," ಎಂದಳು. "ನಿಮ್ಮಪ್ಪ ಹಸ್ಕೊಂಡಿರ್ತಾರೆ."

ಎಡಗಾಲು ಎಳೆಯುತ್ತಾ ಅವಳು ಬಸ್ ನಿಲ್ದಾಣದ ಕಡೆ ಹೊರಟಳು. ನೆವೆನಾ ಕೂಗಿ ಕರೆದಳು, ಒಂದು ಸಲ, ಎರಡು ಸಲ. ಗೀನಾ ತಿರುಗಿ ನೋಡಲಿಲ್ಲ. ಬಸ್ಸು ಎರಡು ಮೂವತ್ತಕ್ಕೆ ಸರಿಯಾಗಿ ಹೊರಟಿತು.